ಆನೆ ಎಂದರೆ ಕೂಗುವ ಫೋನು

ನಮ್ಮ ಮನೆಯವರಿಗೆ ಒಂದು ಕೆಟ್ಟ ಚಾಳಿ. ಹೊಲಕ್ಕೆ ಹೋದರೆ ಫೋನನ್ನು ಮೋಟರು ಮನೆಯ ಮೊಳೆಗೆ ನೇತುಹಾಕುತ್ತಾರೆ. ಯಾರು ಕರೆದರೂ ಎತ್ತುವುದಿಲ್ಲ. ಹನೂರಿನಾಚೆಯ ನಮ್ಮ ಜೋಳದ ಹೊಲ ಕಾಡಿಗೆ ಅಂಟಿಕೊಂಡಿದೆ. ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಪಾಠ ಹೇಳುವ ನನಗೆ ಸಂಜೆಯಾದರೆ ಆನೆಯದೇ ಚಿಂತೆ. ಅದಕ್ಕೇ ಅವರ ಫೋನಿಗೊಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟೆ: ಊರಿನ ಗ್ರೂಪಿಗೆ ಬಂದ ಮೆಸೇಜಿನೊಳಗೆ ಎಲ್ಲಾದರೂ ‘ಆನೆ’ ಎಂದಿದ್ದರೆ ಸೈರನ್ ಕೂಗಬೇಕು. ಸೈಲೆಂಟಿನಲ್ಲಿಟ್ಟರೂ ಕೂಗಬೇಕು.

ಮೊದಲ ವಾರವೇ ಫಜೀತಿ. ‘ಇವತ್ತು ಆನೆ ಇಲ್ಲ, ನೀರು ಕಟ್ಕಳಿ’ ಎಂದು ಯಾರೋ ಹಾಕಿದರು. ಅದಕ್ಕೂ ಕೂಗಿತು. ಇವರು ಸನಿಕೆ ಬಿಸಾಡಿ ಮನೆವರೆಗೂ ಓಡಿಬಂದರು.

“ಇಲ್ದೇ ಇರೋ ಆನೆಗ್ ನನ್ನ ಓಡ್ಸಿದ್ಯಲ್ಲಾ!”

ನನಗೂ ಕೋಪ ಮೂಗಿನ ತುದಿಯಲ್ಲೇ. ಮೆಸೇಜಿನಲ್ಲಿ ‘ಇಲ್ಲ’ ಎಂದಿದ್ದರೆ ಸುಮ್ಮನಿರು ಎಂದು ಇನ್ನೊಂದು ಸಾಲು ಸೇರಿಸಿದೆ. “ತಗೊಳ್ಳಿ. ಇನ್ನು ಇದು ಕೂಗಲಿಲ್ಲ ಅಂದ್ರೆ ಆನೆ ಇಲ್ಲ ಅಂತಲೇ ಲೆಕ್ಕ” ಎಂದೆ.

ಹೋದ ವರ್ಷ ಒಂದು ಸಂಜೆ, ಬಸ್ಸು ಕಾಮಗೆರೆ ದಾಟುವಾಗ ಗ್ರೂಪು ತೆರೆದೆ. ಪಕ್ಕದ ಹೊಲದವನು ಮನೆ ಸೇರಿಕೊಂಡು ಬರೆದಿದ್ದ: ‘ಕರೆಂಟ್ ಇಲ್ಲ. ನಮ್ ಕಡೆ ಜ್ವಾಳಕ್ಕೆ ಆನೆ ಇಳ್ದದೆ. ಉಷಾರು.’

ಇಲ್ಲದ್ದು ಕರೆಂಟು, ಆನೆಯಲ್ಲ. ಆ ಪ್ರೋಗ್ರಾಮಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? ‘ಇಲ್ಲ’ ಸಿಕ್ಕಿತು, ಬಾಯಿ ಮುಚ್ಚಿಕೊಂಡಿರುತ್ತದೆ. ಇವರು ಕರೆಂಟು ಕಾಯುತ್ತಾ ಆಳೆತ್ತರದ ಜೋಳದೊಳಗೆ ಕಳೆ ಕೀಳುತ್ತಿರುತ್ತಾರೆ. ಫೋನ್ ಮಾಡಿದೆ, ಮತ್ತೆ ಮಾಡಿದೆ. “ಎತ್ರೀ, ನಿಮ್ಮ ಕಾಲಿಗ್ ಬೀಳ್ತೀನಿ!” ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಪಕ್ಕದಲ್ಲಿದ್ದ ಅಜ್ಜಿ “ಯಾಕವ್ವಾ, ಏನಾಯ್ತು?” ಎಂದು ಕೈ ಹಿಡಿದುಕೊಂಡಳು.

ಆಗ ಹೊಳೆಯಿತು. ಗ್ರೂಪಿನಲ್ಲಿ ನಾನೇ ಬರೆದೆ: ‘ಆನೆ’. ಬರೀ ಅದೊಂದೇ ಪದ.

ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿದರು, ಪಿಸುದನಿಯಲ್ಲಿ. “ಮೋಟ್ರು ಮನೆ ಮ್ಯಾಲವ್ನಿ. ಕೆಳಗೇ ನಿಂತದೆ.” ಅಷ್ಟರಲ್ಲಿ ಸೈರನ್ ಕೂಗಿತು. ಲೈನು ಕಟ್ಟಾಯಿತು.

ಗ್ರೂಪು ನೋಡಿದರೆ ಜನ ಮುಗಿಬಿದ್ದಿದ್ದರು. ‘ಆನೆ ಎಲ್ಲಿ?’ ‘ಎಷ್ಟು ಆನೆ?’ ಒಂದೊಂದಕ್ಕೂ ಅಲ್ಲಿ, ಆ ಆನೆಯ ತಲೆಯ ಮೇಲೆಯೇ, ಸೈರನ್. ಅಯ್ಯೋ ಶಿವನೇ! ‘ದಮ್ಮಯ್ಯ, ಯಾರೂ ಅದರ ಹೆಸರು ಎತ್ತಬೇಡಿ. ಇವರು ಅಲ್ಲೇ ಸಿಕ್ಕಿಕೊಂಡಿದ್ದಾರೆ’ ಎಂದು ಬರೆದೆ. ಆಮೇಲೆ ಒಬ್ಬರೂ ಬರೆಯಲಿಲ್ಲ.

ಹನೂರು ಬಂತು. ಇಳಿದೆ. ಫೋನನ್ನೇ ನೋಡುತ್ತಾ ನಿಂತಿದ್ದೆ. ಕೊನೆಗೆ ರಿಂಗಾಯಿತು.

“ಓಯ್ತು ಕಣಮ್ಮಿ. ಗುಡ್ಡದ್ ಕಡೀಕ್ ಓಯ್ತು.”

ಬಸ್‌ಸ್ಟ್ಯಾಂಡಿನಲ್ಲೇ ಅಳು ಒತ್ತರಿಸಿ ಬಂತು. ಅಳುತ್ತಲೇ ಬೈದೆ. “ಅಷ್ಟು ಸಲ ಮಾಡಿದ್ನಲ್ಲ, ಫೋನ್ ಎತ್ತೋಕೆ ನಿಮಗೇನು ರೋಗ?”

“ನೀನೇ ಯೋಳಿದ್ಯಲ್ಲಾ,” ಅಂದರು. “ಅದು ಕೂಗ್ನಿಲ್ಲ ಅಂದ್ರೆ ಆನೆ ಇಲ್ಲ ಅಂತ.”