ಪ್ರಕಾಶಕರ ಕುರ್ಚಿಯಲ್ಲಿ ಮೈದುನ

ಡಬ್ಲಿನ್ ಎಂಬ ಊರನ್ನು ನಾನು ನೋಡಿಲ್ಲ. ಅದು ಐರ್ಲೆಂಡಿನಲ್ಲಿದೆ, ಅಲ್ಲಿಯೂ ನಮ್ಮ ಬೆಳಗಾವಿಯ ಹಾಗೆ ಜಿಟಿಜಿಟಿ ಮಳೆ ಹಿಡಿದರೆ ಬಿಡುವುದಿಲ್ಲ ಎಂದು ಓದಿದ್ದೇನೆ, ಅಷ್ಟೇ. ಆದರೆ ನೂರಾರು ವರ್ಷಗಳ ಹಿಂದೆ ಆ ಊರಿನಲ್ಲಿ ಪುಸ್ತಕ ಬರೆದು, ಅಚ್ಚು ಹಾಕಿಸಿ, ಮಾರಿ ಬದುಕಿದ ಹೆಂಗಸರ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಬರೆದವಳು ನಾನು. ಅದು ಬಿಡುಗಡೆಯಾದ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಲು ನಾನು ಪ್ರಯತ್ನವನ್ನೂ ಮಾಡಿಲ್ಲ.

ನಮ್ಮದು ಪುಸ್ತಕದ ಅಂಗಡಿ, ಬಸ್ ಸ್ಟ್ಯಾಂಡಿನಿಂದ ಕೋಟೆಯ ಕಡೆ ಹೋಗುವಾಗ ಸಿಗುತ್ತದೆ. ಮುಂದೆ ಶಾಲೆಯ ಪುಸ್ತಕ, ಗೈಡು, ಬರೆಯುವ ವಹಿ. ಒಳಗೆ ಕಥೆ, ಕಾದಂಬರಿ, ಶರಣರ ಪುಸ್ತಕ. ಒಂದು ಗೋಡೆ ಪೂರ್ತಿ ಮರಾಠಿ. ನನ್ನ ಗಂಡ ಶುರು ಮಾಡಿದ ಅಂಗಡಿ ಅದು. ಅಂಗಡಿಯ ಹೆಸರಿನಲ್ಲೇ ಆಗಾಗ ಒಂದೊಂದು ಸಣ್ಣ ಪುಸ್ತಕವನ್ನು ಅವರು ಪ್ರಕಟಿಸುತ್ತಲೂ ಇದ್ದರು. ಅವರು ಇದ್ದಕ್ಕಿದ್ದಂತೆ ತೀರಿಕೊಂಡಾಗ ಮಗಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಳು. ಅವರನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಮಹಾಂತೇಶ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಗಂಡಸರು ಕುಳಿತು ಅಂಗಡಿಯನ್ನು ಬಾಡಿಗೆಗೆ ಕೊಡುವುದೆಂದು ತೀರ್ಮಾನ ಮಾಡಿಯೂ ಬಿಟ್ಟರು. ನಾನು ಒಳಗಿನಿಂದ ಚಹಾ ತಂದುಕೊಟ್ಟೆ. ಮರುದಿನ ಹೋಗಿ ಅಂಗಡಿಯ ಬಾಗಿಲು ತೆಗೆದೆ.

ಆಗಿನಿಂದ ತೆಗೆಯುತ್ತಲೇ ಇದ್ದೇನೆ. ಖಾನಾಪುರದ ಶಾಲೆಗಳಿಗೆ ಪುಸ್ತಕದ ಗಂಟು ಹೊತ್ತು ಬಸ್ಸಿನಲ್ಲಿ ಹೋಗಿದ್ದೇನೆ. ಮಳೆಗಾಲದಲ್ಲಿ ಕಣಕುಂಬಿಯವರೆಗೂ ಹೋಗಿದ್ದೇನೆ. ಅಲ್ಲಿನ ಮಳೆಗೆ ಗಂಟಿಗೆ ಹೊದಿಸಿದ ಪ್ಲಾಸ್ಟಿಕ್ಕೂ ಸಾಲದು, ಸೆರಗನ್ನೂ ಹೊದಿಸಬೇಕು. ಒಂದು ಹಳ್ಳಿಯಲ್ಲಿ ಕನ್ನಡದಲ್ಲಿ ಮಾತಾಡಿ ಮುಂದಿನ ಹಳ್ಳಿಯಲ್ಲಿ ಮರಾಠಿಯಲ್ಲಿ ಚೌಕಾಶಿ ಮಾಡಿದ್ದೇನೆ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ.

"ಮಾಲಕರು ಬಂದಿಲ್ಲೇನ್ರಿ?"

"ನಾನೇ ಮಾಲಕಿರಿ."

ಆಗ ಅವರು ಒಂದು ನಗು ನಗುತ್ತಾರೆ. ನಂಬಿದ್ದೇವೆ, ಆದರೆ ನಂಬಿಲ್ಲ ಎನ್ನುವ ನಗು. ಆ ನಗುವಿಗೆ ಉತ್ತರ ಕೊಡುತ್ತ ಕೂತರೆ ವ್ಯಾಪಾರ ಆಗುವುದಿಲ್ಲ ಎಂದು ಗಂಟು ಬಿಚ್ಚುತ್ತಿದ್ದೆ.

ದಂಡು ಪ್ರದೇಶವಾದ ಕ್ಯಾಂಪಿನ ಒಂದು ಮನೆಯವರು ಊರು ಬಿಡುವಾಗ ಹಳೆಯ ಪುಸ್ತಕಗಳನ್ನು ಚೀಲದಲ್ಲಿ ತುಂಬಿ ನಮ್ಮ ಅಂಗಡಿಗೆ ಹಾಕಿಹೋದರು. ಅದರಲ್ಲಿ ಒಂದು ಇಂಗ್ಲಿಷ್ ಪುಸ್ತಕ, ತಂಪು ಹಿಡಿದು ಉಬ್ಬಿಕೊಂಡದ್ದು, ಐರ್ಲೆಂಡಿನ ಹಳೆಯ ಮುದ್ರಣಾಲಯಗಳ ಮೇಲಿನದು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದನ್ನು ನಿಘಂಟು ಇಟ್ಟುಕೊಂಡು ಓದಿದೆ. ಓದುತ್ತ ಹೋದಂತೆ ನನ್ನನ್ನೇ ಯಾರೋ ಅಲ್ಲಿ ಬರೆದಿಟ್ಟಿದ್ದಾರೆ ಅನ್ನಿಸತೊಡಗಿತು. ಗಂಡ ಸತ್ತ ಮೇಲೆ ಮುದ್ರಣಾಲಯ ನಡೆಸಿದ ಹೆಂಗಸರು ಆ ಊರಿನಲ್ಲಿ ಇದ್ದರು. ಅಚ್ಚಿನ ಮೊಳೆ ಜೋಡಿಸುವವರಿಗೆ ಕೆಲಸ ಹೇಳುವವರು ಅವರು, ಕಾಗದ ತರಿಸುವವರು ಅವರು, ಲಂಡನ್ನಿನ ದುಬಾರಿ ಪುಸ್ತಕವನ್ನು ಅಗ್ಗದಲ್ಲಿ ಅಚ್ಚು ಹಾಕಿ ಮಾರಿದವರೂ ಅವರು. ಆದರೆ ಪುಸ್ತಕದ ಮೊದಲ ಪುಟದಲ್ಲಿ ಇರುತ್ತಿದ್ದದ್ದು 'ಇಂಥವರ ವಿಧವೆ' ಎಂದು. ಕೆಲವು ಕಡೆ ಅದೂ ಇಲ್ಲ, ಸತ್ತ ಗಂಡನ ಹೆಸರೇ ಮುಂದುವರಿಯುತ್ತಿತ್ತು. ಮಗನಿಗೆ ಮೀಸೆ ಬಂದ ಕೂಡಲೇ ಮಗನ ಹೆಸರು. ಬರೆಯುವ ಹೆಂಗಸರ ಪಾಡೂ ಅಷ್ಟೇ, 'ಒಬ್ಬ ಮಹಿಳೆ ಬರೆದದ್ದು' ಎಂದರೆ ಮುಗಿಯಿತು. ಯಾವ ಮಹಿಳೆ? ಅವಳಿಗೆ ತಾಯಿ ತಂದೆ ಇಟ್ಟ ಹೆಸರು ಒಂದಿರಲಿಲ್ಲವೇ? ಓದುತ್ತ ಓದುತ್ತ ನಾನು ದುಡ್ಡಿನ ಗಲ್ಲೆಯ ಮೇಲೆ ಕೈ ಬಡಿದದ್ದೂ ಉಂಟು.

ಅವರ ಬಗ್ಗೆ ಬರೆಯಲೇಬೇಕು ಅನ್ನಿಸಿತು, ಬರೆದೆ. ಮಗಳು ಕಂಪ್ಯೂಟರಿನಲ್ಲಿ ಟೈಪು ಮಾಡಿದಳು. ಅವಳು ಡಿಗ್ರಿ ಮುಗಿಸಿ ತಾನಾಗಿಯೇ ಅಂಗಡಿಗೆ ಬಂದು ಕೂತವಳು, ನನ್ನ ನಂತರ ಅಂಗಡಿ ನಡೆಸುವವಳು ಅವಳೇ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಗಂಡ ಹೋದ ಮೇಲೆ ನಾನು ಹೊಸದೇನನ್ನೂ ಪ್ರಕಟಿಸಿರಲಿಲ್ಲ, ಅವರ ಕಾಲದ ಪುಸ್ತಕಗಳನ್ನೇ ಅವರ ಹೆಸರಿನಲ್ಲೇ ಮರುಮುದ್ರಣ ಮಾಡಿಸುತ್ತಿದ್ದೆ. ಈ ಸಲ ಪ್ರಕಾಶಕರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದು ಕೊಟ್ಟೆ. ಅಂಗಡಿ ನನ್ನದು, ಮುಂದೆ ನನ್ನ ಮಗಳದು ಎಂದು ಅಚ್ಚಿನಲ್ಲಿ ಒಂದು ಸಲ ಬರಲಿ ಎಂಬ ಆಸೆ. ಕೊನೆಯ ಪ್ರೂಫಿನಲ್ಲೂ ಆ ಹೆಸರು ಸರಿಯಾಗಿಯೇ ಇತ್ತು.

ಪ್ರೆಸ್ಸಿನವರು ನನ್ನ ಗಂಡನ ಕಾಲದ ಪರಿಚಯದವರು, ನನ್ನನ್ನು ಅಕ್ಕಾರ ಎಂದೇ ಕರೆಯುತ್ತಾರೆ. ಕರೆಂಟು ಕೈಕೊಟ್ಟು ಕೆಲಸ ತಡವಾಯಿತು. ಬಿಡುಗಡೆಗೆ ಬೇಕಾದಷ್ಟು ಪ್ರತಿಗಳನ್ನು ಮಾತ್ರ ಬೈಂಡ್ ಮಾಡಿ ಕೊಡುತ್ತೇನೆ, ಉಳಿದದ್ದು ಹೊಲಿಯದೆ, ಅಚ್ಚಾದ ಹಾಳೆ ಮಡಿಚಿದ ಫಾರಮ್ಮಿನಲ್ಲೇ ಇರಲಿ, ಆಮೇಲೆ ನೋಡೋಣ ಎಂದರು. ಪುಸ್ತಕದ ಕಟ್ಟು ನನ್ನ ಕಣ್ಣಿಗೂ ಬೀಳದೆ ನೇರವಾಗಿ ಸಭಾಭವನಕ್ಕೆ ಹೋಯಿತು.

ಕಾರ್ಯಕ್ರಮವನ್ನು ಊರಿನ ಒಂದು ಓದುಗರ ಬಳಗ ಏರ್ಪಡಿಸಿತ್ತು. ವೇದಿಕೆಯ ಮೇಲೆ ಸಾಲಾಗಿ ಕುರ್ಚಿಗಳು. ಅಧ್ಯಕ್ಷರನ್ನು ಕರೆದರು, ಅತಿಥಿಯನ್ನು ಕರೆದರು, ನನ್ನನ್ನು ಕರೆದರು. ಇನ್ನೊಂದು ಕುರ್ಚಿ ಖಾಲಿ ಇತ್ತು. "ಪ್ರಕಾಶಕರು ವೇದಿಕೆಗೆ ಬರಬೇಕು" ಎಂದರು ನಿರೂಪಕರು. ನಾನು ಆಗಲೇ ಬಂದು ಕೂತಿದ್ದೇನಲ್ಲ ಎಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಿಂದ ನನ್ನ ಮೈದುನ ಎದ್ದ. ನನ್ನ ಗಂಡನ ತಮ್ಮ. ಖಾನಾಪುರದಲ್ಲಿ ಸಿಮೆಂಟು, ಕಬ್ಬಿಣದ ವ್ಯಾಪಾರ ಮಾಡುತ್ತಾನೆ. ಕೆಟ್ಟವನಲ್ಲ, ಹಬ್ಬಕ್ಕೆ ಮಗಳಿಗೆ ಬಟ್ಟೆ ತರುವುದನ್ನು ಒಂದು ವರ್ಷವೂ ತಪ್ಪಿಸಿಲ್ಲ. ಆದರೆ ಅವನು ಪುಸ್ತಕ ಓದಿದ್ದನ್ನು ಬಿಡಿ, ಎತ್ತಿ ಧೂಳು ಕೊಡವಿದ್ದನ್ನೂ ನಾನು ಕಂಡಿಲ್ಲ. ನೆಂಟನೆಂದು ಕರೆದಿದ್ದೆ, ಬಂದಿದ್ದ. ಈಗ ಇಸ್ತ್ರಿ ಅಂಗಿಯ ತುದಿ ಸರಿಮಾಡಿಕೊಳ್ಳುತ್ತ, ಒಂದಿಷ್ಟೂ ಅಳುಕದೆ ಮೆಟ್ಟಿಲೇರಿ ಬಂದು ಪ್ರಕಾಶಕರ ಕುರ್ಚಿಯಲ್ಲಿ ಕುಳಿತ. ಬಳಗದವರು ಏನೋ ತಪ್ಪು ತಿಳಿದಿರಬೇಕು, ಸಭೆಯಲ್ಲಿ ಯಾಕೆ ಎಳೆದಾಡುವುದು ಎಂದು ನುಂಗಿಕೊಂಡೆ.

ನಂತರ ಸನ್ಮಾನ. ನಮ್ಮ ಕಡೆ ಗಂಡಸರಿಗೆ ತಲೆಗೆ ಪಟಕಾ ಸುತ್ತಿ ಶಾಲು ಹೊದಿಸುತ್ತಾರೆ, ಹೆಂಗಸರಿಗೆ ಕುಂಕುಮ ಹಚ್ಚಿ ಉಡಿ ತುಂಬುತ್ತಾರೆ. ಅಧ್ಯಕ್ಷರಿಗೆ ಪಟಕಾ ಆಯಿತು. ಅತಿಥಿಯಾಗಿ ಬಂದಿದ್ದ ನಿವೃತ್ತ ಶಿಕ್ಷಕಿಗೆ ಉಡಿ ಆಯಿತು. ನನ್ನ ಮೈದುನನಿಗೆ ಕೇಸರಿ ಪಟಕಾ ಸುತ್ತಿದರು, ಚಪ್ಪಾಳೆ ಬಿತ್ತು. ಬಳಗದ ಹೆಣ್ಣುಮಗಳು ತಟ್ಟೆ ಹಿಡಿದು ನನ್ನ ಮುಂದೆ ಬಂದು ನಿಂತವಳು ಹಾಗೆಯೇ ನಿಂತುಬಿಟ್ಟಳು. ತಟ್ಟೆಯಲ್ಲಿ ಅಕ್ಕಿ, ಕಾಯಿ, ಕುಪ್ಪಸದ ಕಣ. ನನ್ನ ಹಣೆಯ ಮೇಲೆ ವಿಭೂತಿ ಮಾತ್ರ. ಅವಳು ಹಿಂದೆ ತಿರುಗಿ ಬಳಗದ ಕಾರ್ಯದರ್ಶಿಯ ಮುಖ ನೋಡಿದಳು. ಅವರು ಮೈಕಿನ ಹಿಂದಿನಿಂದ ಬೇಡ ಎಂದು ಕೈಯಾಡಿಸಿದರು. ಅವಳು ತಟ್ಟೆಯ ಅಂಚಿನಲ್ಲಿದ್ದ ಒಂದು ಗುಲಾಬಿ ಎತ್ತಿ ನನ್ನ ಕೈಗಿತ್ತು, ತಲೆ ತಗ್ಗಿಸಿ ಇಳಿದು ಹೋದಳು.

ಪಾಪ, ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಉಡಿ ತುಂಬಿಸಿಕೊಳ್ಳುವ ಹಂಬಲವೂ ನನಗಿಲ್ಲ. ಆದರೆ ಯಾವ ಊರು ಸ್ವಾಮಿ ಇದು? ಶರಣರ ಹೆಸರೆತ್ತದೆ ಇಲ್ಲಿ ಒಂದು ಭಾಷಣ ಶುರುವಾಗುವುದಿಲ್ಲ. ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಅಧ್ಯಕ್ಷರು ಅದೇ ಮೈಕಿನಲ್ಲಿ ಆಗತಾನೇ ಹೇಳಿ ಕೂತಿದ್ದರು. ಬರೆದವಳು ನಾನು, ಅಚ್ಚು ಹಾಕಿಸಿದವಳು ನಾನು. ಗಂಡಸಲ್ಲವೆಂದು ಪಟಕಾ ಇಲ್ಲ, ಮುತ್ತೈದೆಯಲ್ಲವೆಂದು ಉಡಿ ಇಲ್ಲ. ನನಗೆ ಕೊಡುವಂಥದ್ದು ಇವರ ಪದ್ಧತಿಯಲ್ಲಿ ಏನೂ ಇರಲೇ ಇಲ್ಲ. ಪಕ್ಕದಲ್ಲಿ ಮೈದುನನ ಪಟಕಾದ ಚುಂಗು ಫ್ಯಾನಿನ ಗಾಳಿಗೆ ಹಾರಿ ಹಾರಿ ನನ್ನ ಭುಜಕ್ಕೆ ಬಡಿಯುತ್ತಿತ್ತು.

ಆಮೇಲೆ ಬಿಡುಗಡೆ. ಬಣ್ಣದ ಕಾಗದ ಹರಿದು ಎಲ್ಲರ ಕೈಗೂ ಒಂದೊಂದು ಪ್ರತಿ ಕೊಟ್ಟರು. ಎದೆಯ ಮುಂದೆ ಹಿಡಿದು ಫೋಟೋ ಆಯಿತು. ಎಲ್ಲರೂ ಕೂತ ಮೇಲೆ ನಾನು ಪುಸ್ತಕ ತೆರೆದೆ. ಹಾಳೆ ತಿರುವಿದೆ. 'ಪ್ರಕಾಶಕರು' ಎಂದಿದ್ದ ಕಡೆ ನನ್ನ ಮೈದುನನ ಹೆಸರು, ಕೆಳಗೆ ಖಾನಾಪುರ.

ಮೈಯೆಲ್ಲ ಉರಿದುಹೋಯಿತು. ಡಬ್ಲಿನ್ನಿನ ಆ ಹೆಂಗಸರ ಬಗ್ಗೆ ಬರೆಯುವಾಗ ನನಗೆ ಪಾಪ ಅನ್ನಿಸಿತ್ತು. ಅವರ ಕಾಲ ಹಾಗಿತ್ತು ಎಂದು ದೊಡ್ಡ ಮನಸ್ಸು ಮಾಡಿ ಒಂದು ಸಾಲನ್ನೂ ಬರೆದಿದ್ದೆ. ಯಾವ ಕಾಲ? ಅದೇ ಪುಸ್ತಕದಲ್ಲಿ, ಅವರದೇ ಕತೆಯ ಬೆನ್ನಿಗೆ, ಈ ಊರಿನಲ್ಲಿ, ಈಗ!

ನನ್ನ ಸರದಿ ಬಂದಾಗ ಬರೆದುಕೊಂಡು ಹೋದ ಭಾಷಣವನ್ನು ಕುರ್ಚಿಯ ಮೇಲೆಯೇ ಬಿಟ್ಟು ಎದ್ದೆ. "ಈ ಪುಸ್ತಕ ಬರೆದವಳೂ ನಾನು, ಪ್ರಕಟಿಸಿದವಳೂ ನಾನು. ಒಳಗೆ ಬೇರೆಯವರ ಹೆಸರು ಬಂದಿದೆ. ಯಾಕೆ ಬಂತೋ ನನಗೆ ಗೊತ್ತಿಲ್ಲ. ಸರಿ ಮಾಡುವವರೆಗೆ ಇದನ್ನು ನಾನು ಮಾರುವುದಿಲ್ಲ" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಅಧ್ಯಕ್ಷರು ಮುಕ್ತಾಯದ ಮಾತಿನಲ್ಲಿ, ಗಂಡನ ನೆನಪಾಗಿ ತಾಯಿ ಸ್ವಲ್ಪ ಭಾವುಕರಾದರು ಎಂದು ಎಲ್ಲವನ್ನೂ ಒರೆಸಿ ಹಾಕಿದರು. ಸಿಟ್ಟು ಬಂದ ಗಂಡಸು ನ್ಯಾಯ ಕೇಳುತ್ತಾನೆ, ಸಿಟ್ಟು ಬಂದ ಹೆಂಗಸು ಭಾವುಕಳಾಗುತ್ತಾಳೆ. ಇದನ್ನು ಇವರಿಗೆ ಯಾವ ಶಾಲೆಯಲ್ಲಿ ಕಲಿಸುತ್ತಾರೋ ಕಾಣೆ.

ಹೊರಗೆ ಜಗಲಿಯಲ್ಲಿ ಮಗಳು ಪುಸ್ತಕಗಳನ್ನು ಮತ್ತೆ ರಟ್ಟಿನ ಡಬ್ಬಿಗೆ ತುಂಬುತ್ತಿದ್ದಳು. ಮೈದುನ ಪಟಕಾ ತೆಗೆದು ಬಗಲಲ್ಲಿ ಇಟ್ಟುಕೊಂಡು ಬಂದ.

"ಮಂದ್ಯಾಗ ಮಾನ ತಗದ್ರಲ್ಲ ವೈನಿ. ಒಂದು ಹೆಸರಿಗೆ ಇಷ್ಟ್ಯಾಕ ರಂಪ ಮಾಡಬೇಕು?"

"ಹೆಸರು ಅಷ್ಟು ಹಗುರ ಇದ್ರ ನಿಮ್ಮದ್ಯಾಕ ಹಾಕಿಸಿದ್ರಿ?"

"ನಾ ಎಲ್ಲಿ ಹಾಕಿಸೇನ್ರಿ? ಪ್ರೆಸ್ಸಿನವ್ರು ತಾವಾಗೇ ಕೇಳಿದ್ರು. ಮನ್ಯಾಗ ಗಂಡಸರು ಇರೂಮುಂದ ಹೆಣ್ಮಕ್ಕಳ ಹೆಸರು ಹಾಕಿದ್ರ ನಿಮಗ ಕಮೀಪಣಾ ಆಕೈತಲ್ರಿ ಸಾವಕಾರ್ರ ಅಂದ್ರು. ಅದೂ ಖರೇ ಅನ್ನಿಸ್ತು, ಹೂಂ ಅಂದೆ."

"ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲಾ?"

ಅವನು ಸಮಾಧಾನ ಹೇಳುವ ದನಿಯಲ್ಲಿ, ನನಗೆ ಉಪಕಾರವನ್ನೇ ಮಾಡುತ್ತಿರುವವನಂತೆ ಹೇಳಿದ: "ನೀವು ಇರೂತನಕ ನಡೆಸ್ರಿ ವೈನಿ, ಯಾರು ಬ್ಯಾಡಂತಾರ? ನಾಳೆ ಹುಡುಗಿ ಲಗ್ನ ಆಗಿ ಹೋಗಾಕಿ. ಅಂಗಡಿ ನಮ್ಮ ಹುಡುಗನ ಕಡೆ ಬರೂದ ಅಲ್ಲೇನು? ಅದಕ್ಕ ಈಗಿಂದಾನ ನಮ್ಮ ಹೆಸರು ಇದ್ರ ಚಲೋ ಅಂತ."

ಆಗ ನನಗೆ ಸಿಟ್ಟಿನ ಜೊತೆಗೆ ಭಯವೂ ಆಯಿತು. ಖಾನಾಪುರದ ಮನೆಯಲ್ಲಿ ಅವರೆಲ್ಲ ಊಟಕ್ಕೆ ಕೂತಾಗ ಈ ಮಾತು ಎಷ್ಟು ಸಲ ಬಂದುಹೋಗಿರಬೇಕು! ನಾನು ಗಂಟು ಹೊತ್ತು ಅದೇ ಊರಿನಲ್ಲಿ ಬಸ್ಸಿಳಿದು, ಆ ಮನೆಯಲ್ಲಿ ಚಹಾ ಕುಡಿದು, ಮುಂದಿನ ಶಾಲೆಗೆ ಹೋಗುತ್ತಿದ್ದಾಗಲೂ ಅವರ ಲೆಕ್ಕದಲ್ಲಿ ನಾನು ಅಂಗಡಿಯ ಮಾಲಕಿಯಾಗಿರಲಿಲ್ಲ. ಇನ್ನೂ ಕಾಲೇಜಿನಲ್ಲಿರುವ ಅವರ ಮಗ ಬರುವವರೆಗೆ ಬಾಗಿಲು ಕಾಯುವವಳಾಗಿದ್ದೆ.

ಮಗಳು ಡಬ್ಬಿಯ ಮೇಲಿನಿಂದ ತಲೆ ಎತ್ತಿದಳು. "ಕಾಕಾ, ನಿಮ್ಮ ಹುಡುಗ ನಮ್ಮ ಅಂಗಡಿಗೆ ಒಮ್ಮೆರೆ ಬಂದಾನೇನು?"

"ಸಣ್ಣವರು ದೊಡ್ಡವರ ಮಾತಿನ್ಯಾಗ ಬಾಯಿ ಹಾಕಬಾರದು" ಎಂದು ಮೈದುನ ಗಾಡಿ ಹತ್ತಿದ. ಡಬ್ಬಿಯನ್ನು ಆಟೋಕ್ಕೆ ಏರಿಸುವಾಗ ಮಗಳು "ಅವ್ವಾ, ಅಂಗಡಿ ನಮ್ಮದು ಹೌದಲ್ಲ?" ಎಂದು ಕೇಳಿದಳು. ಅದನ್ನು ಅವಳು ಕೇಳಬೇಕಾಗಿ ಬಂತಲ್ಲ, ಅದಕ್ಕೆ ಮಾತ್ರ ನಾನು ಯಾರನ್ನೂ ಕ್ಷಮಿಸಲಾರೆ.

ಮರುದಿನ ಮುಂಜಾನೆ ಪ್ರೆಸ್ಸಿನ ಬಾಗಿಲು ತೆಗೆಯುವ ಹೊತ್ತಿಗೇ ನಾನು ಅಲ್ಲಿದ್ದೆ. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಬೈಂಡ್ ಆಗದ ಫಾರಮ್ಮುಗಳು ಗೋಡೆಗೆ ಒತ್ತಿ ರಾಶಿ ಬಿದ್ದಿದ್ದವು.

"ಬರ್ರಿ ಅಕ್ಕಾರ, ಕುಂದರ್ರಿ. ಕಾರ್ಯಕ್ರಮ ಚಲೋ ಆತಂತಲ್ಲ?" ಎಂದರು ಪ್ರೆಸ್ಸಿನವರು. ವಿಷಯ ಅವರಿಗೆ ಮುಟ್ಟಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು.

"ಮೊದಲನೇ ಫಾರಮ್ ಪೂರ್ತಿ ಹೊಸದಾಗಿ ಹಾಕ್ರಿ" ಎಂದೆ.

"ಅಷ್ಟೆಲ್ಲ ಯಾಕ್ರಿ? ಒಂದು ಸಣ್ಣ ಚೀಟಿ ಅಂಟಿಸಿಬಿಡೂಣು."

"ಚೀಟಿ ಉಗುರಿಲೆ ಕಿತ್ತರ ಬರ್ತೈತಿ. ಅಚ್ಚಿನ್ಯಾಗ ಬರಬೇಕು."

ಅವರು ತಲೆ ಕೆರೆದುಕೊಂಡರು. ನಿನ್ನೆಯ ತಪ್ಪಿಗೆ ಒಂದು ಮಾತು ಆಡಲಿಲ್ಲ. ಅವರ ಪಾಲಿಗೆ ಅದು ತಪ್ಪೇ ಅಲ್ಲ, ಮರ್ಯಾದೆ. ಕೊನೆಗೆ ಕಂಪ್ಯೂಟರಿನ ಮುಂದೆ ಕೂತು ಆ ಪುಟ ತೆರೆದರು.

"ಹಂಗಾದ್ರ ಯಜಮಾನರ ಹೆಸರು ಹಾಕಿ, ಅವರ ಧರ್ಮಪತ್ನಿ ಅಂತ ಕೆಳಗ ನಿಮ್ಮದು ಹಾಕ್ತೇನ್ರಿ."

"ಅವರು ಇದ್ದಾಗ ಅವರ ಹೆಸರು ಹಾಕೀವಿ. ಈಗ ನಾ ಅದೀನಿ, ನನ್ನ ಹೆಸರು ಹಾಕ್ರಿ. ಅದರ ಬಾಜು ಇಕೀದು." ಮಗಳ ಕಡೆ ಕೈ ತೋರಿಸಿದೆ.

ಅವರು ಟೈಪು ಮಾಡಿದರು. ಮಗಳು ಬಗ್ಗಿ ಅಕ್ಷರ ಅಕ್ಷರ ನೋಡಿ ಸರಿ ಇದೆ ಎಂದಳು. ಪ್ರೆಸ್ಸಿನವರು ಮೌಸ್ ಬಿಟ್ಟು ಜೇಬಿನಿಂದ ಫೋನು ತೆಗೆದರು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಖಾನಾಪುರದ ಸಾವಕಾರ್ರ ಕಿವಿಗೆ ಒಂದು ಮಾತು ಹಾಕಿಬಿಡ್ತೇನಿ."

"ಹಾಕ್ರಿ, ನಾ ಬ್ಯಾಡ ಅನ್ನೂದಿಲ್ಲ" ಎಂದು ಸ್ಟೂಲು ಎಳೆದುಕೊಂಡು ಮಷೀನಿನ ಪಕ್ಕದಲ್ಲೇ ಕುಳಿತೆ. "ಅಚ್ಚಾದ ಮ್ಯಾಲ ಹಾಕ್ರಿ."