ಬಚ್ಚಲಿಗೆ ಸುರಿದ ನೀಲಿ

ಹಿತ್ತಲಿನಲ್ಲಿ ಒಂದು ಕೋಣೆ ಕಟ್ಟಿಸಲು ಹೊರಟಾಗ ಮೇಸ್ತ್ರಿ ಮೊದಲು ವಿಚಾರಿಸಿದ್ದು ಸಿಮೆಂಟನ್ನಲ್ಲ. "ನಿಮ್ಮ ಬಚ್ಚಲದ ಪೈಪು ಯಾವ ಕಡೆ ಹೋಗೈತ್ರಿ? ಪಾಯದ ಕೆಳಗ ಸಿಕ್ರ ಆಮ್ಯಾಲ ಭಾಳ ಕಷ್ಟ" ಎಂದರು. ಹೊಸಪೇಟೆಯ ಈ ಮನೆ ನಾವು ಕಟ್ಟಿದ್ದಲ್ಲ, ಕೊಂಡಿದ್ದು. ಬೀದಿಯ ಚರಂಡಿಗೇ ಹೋಗಿರಬೇಕು ಎಂದೆ. ಬೇರೆಲ್ಲಿಗೆ ಹೋದೀತು?

ಆದರೂ ಪರೀಕ್ಷೆಯ ಉಪಾಯ ನನ್ನದೇ. ಸಂಡೂರಿನಲ್ಲಿ ನಮ್ಮಮ್ಮ ನೀರಿನ ತೊಟ್ಟಿ ಸೋರಿದರೆ ಬಟ್ಟೆಗೆ ಹಾಕುವ ನೀಲಿ ಕಲಸಿ, ಎಲ್ಲಿ ಜಿನುಗುತ್ತದೆಂದು ಹುಡುಕುತ್ತಿದ್ದಳು. ನನಗೆ ಒಳಗೊಳಗೇ ಇನ್ನೊಂದು ಆಸೆಯೂ ಇತ್ತು. ಪಕ್ಕದ ಮನೆಯ ಕೊಳೆ ನಮ್ಮ ಹಿತ್ತಲಿಗೆ ಇಳಿಯುತ್ತಿದೆ ಎಂದು ಮೇಸ್ತ್ರಿಯ ಬಾಯಿಂದ ಹೇಳಿಸಬೇಕಿತ್ತು.

ಆ ಕಡೆಯಿಂದ ಗಬ್ಬು ವಾಸನೆ ಶುರುವಾಗಿ ಬಹಳ ದಿನವಾಗಿತ್ತು. ನಾನು ಕಿಟಕಿ ಮುಚ್ಚಿ ಊದುಬತ್ತಿ ಹಚ್ಚುತ್ತಿದ್ದೆ. ಬಂದವರು ಮೂಗು ಮುರಿದರೆ ಹುಬ್ಬಿನಿಂದಲೇ ಗೋಡೆಯಾಚೆ ತೋರಿಸುತ್ತಿದ್ದೆ. ಯುಗಾದಿಗೆ ಪಕ್ಕದ ಮನೆಯಾಕೆ ಡಬ್ಬಿ ತುಂಬ ಹೋಳಿಗೆ ಕಳಿಸಿದಾಗ, ತಿನ್ನಲು ಮನಸ್ಸಾಗದೆ ಬೀದಿಯ ಹಸುವಿಗೆ ಹಾಕಿದೆ. ಹಸುವಿಗೆ ಕೊಟ್ಟರೆ ಎಸೆದಂತಾಗುವುದಿಲ್ಲವಲ್ಲ! ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟೆ. ಅಷ್ಟು ಮರ್ಯಾದಸ್ಥೆ ನಾನು.

ಮೇಸ್ತ್ರಿ ಬೀದಿಯ ಚೇಂಬರಿನ ಮುಚ್ಚಳ ತೆಗೆದು ಬಗ್ಗಿ ನಿಂತರು. ನಾನು ನೀಲಿ ನೀರನ್ನು ಬಚ್ಚಲಿಗೆ ಸುರಿದೆ. ಅದರ ಹಿಂದೆ ಕೊಡಗಟ್ಟಲೆ ಬರೀ ನೀರು.

"ಇಲ್ಲೇನೂ ಬರವಲ್ದುರೀ" ಎಂದು ಅವರು ಕೂಗಿದರು.

ಇನ್ನೊಂದು ಕೊಡ ಎತ್ತುವಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆಯ ದನಿ ಬಂತು. "ಅಕ್ಕಾರ, ನಮ್ಮ ಬಚ್ಚಲದಾಗ ನೀಲಿ ನೀರು ಉಕ್ಕಾಕ ಹತ್ತೈತ್ರಿ. ಏನಿದು?"

ಆಗ ತಿಳಿಯಿತು, ನಮಗೆ ಮನೆ ಮಾರಿದವರು ಬೀದಿ ಅಗೆಯುವ ತಾಪತ್ರಯ ಬೇಡವೆಂದು ನಮ್ಮ ಪೈಪನ್ನು ಗೋಡೆಯ ಕೆಳಗೆ ಪಕ್ಕದ ಮನೆಯವರ ಪೈಪಿಗೆ ಸೇರಿಸಿಬಿಟ್ಟಿದ್ದರು. ಅದು ಕಟ್ಟಿಕೊಂಡಾಗಲೆಲ್ಲ ನಮ್ಮ ಕೊಳೆ ಅವರ ಬಚ್ಚಲಿಗೆ ಏರುತ್ತಿತ್ತು.

ನಾನು ಅವರ ಮನೆಗೆ ಓಡಿದೆ. ಆಕೆ ಕಾಲಿಗೆಲ್ಲ ನೀಲಿ ಮಾಡಿಕೊಂಡು ನೆಲ ಉಜ್ಜುತ್ತಿದ್ದಳು. ಮೂಲೆಯಲ್ಲಿ ಫಿನಾಯಿಲಿನ ಖಾಲಿ ಬಾಟಲಿಗಳು.

"ಮೊದಲಾ ಯಾಕ ಹೇಳಲಿಲ್ರೀ?" ಎಂದೆ.

"ನಮ್ಮದಾ ಅನ್ಕಂಡಿದ್ವಿ ಅಕ್ಕಾರ. ನೀವು ಕಿಟಕಿ ಮುಚ್ಚೋದು ಕಂಡು ಭಾಳ ನಾಚಿಕಿ ಆಗತಿತ್ತು. ಮಗಳನ್ನ ನೋಡಾಕ ಬಂದೋರನ್ನ ಸೈತ ಇಲ್ಲಿಗೆ ಕರೀಲಿಲ್ಲ. ಕಂಪ್ಲಿಗೆ, ನಮ್ಮ ತಂಗಿ ಮನಿಗೆ ಕರಸಿದ್ವಿ."

ನನಗೆ ಮುಖ ಎತ್ತಲಾಗಲಿಲ್ಲ. ನನ್ನ ಪಾಲಿನ ನಾಚಿಕೆಯನ್ನು ಇಷ್ಟು ದಿನ ಆಕೆ ಹೊತ್ತಿದ್ದಳು. "ತಪ್ಪು ನಮ್ಮದರೀ. ಕೋಣಿ ಆಮ್ಯಾಲ, ಮೊದಲು ಬ್ಯಾರೆ ಪೈಪು ಹಾಕಸ್ತೀವಿ" ಎಂದೆ. ಅಷ್ಟು ಹೇಳುವುದು ಕಷ್ಟವಾಗಲಿಲ್ಲ. ಪೈಪು ಹಾಕಿದ್ದು ನಾನಲ್ಲವಲ್ಲ.

ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಳುಕಿನಿಂದ ಕೇಳಿದಳು. "ಅಕ್ಕಾರ, ಯುಗಾದಿ ಹೋಳಿಗಿಗೂ ವಾಸನಿ ಹತ್ತಿತ್ತೇನ್ರೀ? ಅವತ್ತಿಂದ ಕೇಳಬೇಕು ಅನ್ಕಂತನಾ ಇದ್ದೆ."

"ಇಲ್ರೀ. ಭಾಳ ಚಲೋ ಆಗಿದ್ವು."

ಆಕೆಯ ಮುಖ ಅರಳಿತು. "ಹಂಗಾರ ಬರೋ ಯುಗಾದಿಗೆ ಇನ್ನೂ ಹೆಚ್ಚಿಗಿ ಕೊಡ್ತೀನಿ ಬಿಡ್ರಿ. ಕುಂದ್ರಿ, ಚಹಾ ತರ್ತೀನಿ" ಎಂದು ಒಳಗೆ ಹೋದಳು. ನಾನು ಕೂತೆ.