ಅಂಗೈಗೆ ಸಿಕ್ಕ ನಡುಕ

ನಮ್ಮಪ್ಪನನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಸದ್ದು ಕೇಳಿ, "ಹಿಂದಿನ ಎಡಚಕ್ರದ ಬೇರಿಂಗ್ ಹೋಗಿದೆ" ಎಂದುಬಿಡುತ್ತಿದ್ದರು. ನಾನು ಕಾಲೇಜು ಸೇರಿದ ವರ್ಷ ಅವರಿಗೆ ಮೆದುಳು ಜ್ವರ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ಆಮೇಲೆ ಆ ಹೆಸರು ಹಿಡಿದು ಕರೆಯಲು ಯಾರಿಗೂ ನಾಲಿಗೆ ಏಳಲಿಲ್ಲ.

ಅಪ್ಪ ಗ್ಯಾರೇಜು ತೆರೆದು, ಸ್ಪ್ಯಾನರುಗಳನ್ನು ಒರೆಸಿ ಒರೆಸಿ ಮತ್ತೆ ಗೋಡೆಗೇ ನೇತುಹಾಕುತ್ತಿದ್ದರು. ಆಯಿಲ್ ಬದಲಿಸುವುದು ಬಿಟ್ಟರೆ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ನರ್ಸಮ್ಮ ಬಂದರು. ಗುಡ್ಡದ ಮೇಲಿನ ಮನೆಗಳಿಗೆ ಲಸಿಕೆ, ಬಾಣಂತಿಯರ ಆರೈಕೆ ಎಂದು ತಮ್ಮ ಹಳೇ ಫೋರ್ ವೀಲ್ ಜೀಪಿನಲ್ಲಿ ಓಡಾಡುವವರು ಅವರು. ವೇಗ ಏರಿದರೆ ಸಾಕು, ಜೀಪಿಗೆ ಮೈಯೆಲ್ಲ ನಡುಕ. ಒಂದು ಕಡೆ ಗೇರ್‌ಬಾಕ್ಸ್ ಬಿಚ್ಚಬೇಕು ಎಂದಿದ್ದರಂತೆ, ಇನ್ನೊಂದು ಕಡೆ ಗುಜರಿಗೆ ಹಾಕಿ ಎಂದಿದ್ದರಂತೆ.

ಅಪ್ಪ ಆಗುವುದಿಲ್ಲವೆಂದು ಕೈ ಅಲ್ಲಾಡಿಸಿದರು. ಒಲೆ ಆರಿಸಿ ಹೊರಬಂದ ಅಮ್ಮ ಸೀದಾ ಡ್ರೈವರ್ ಸೀಟಿಗೆ ಹತ್ತಿದಳು. ಮದುವೆಯಾದ ಹೊಸದರಲ್ಲಿ ಅಪ್ಪನೇ ಕಲಿಸಿದ ವಿದ್ಯೆ ಅದು. ಪಕ್ಕದ ಸೀಟು ತಟ್ಟಿ, ಅಪ್ಪನಿಗೆ ತಿಳಿಯುವಂತೆ ತುಟಿ ಬಿಡಿಸಿ ಹೇಳಿದಳು: "ಕಿವಿ ತಾನೇ ಹೋಗಿರೋದು? ಕೈಗೇನಾಗಿದೆ? ಹತ್ತಿ!"

ನರ್ಸಮ್ಮನೂ ನಾನೂ ಹಿಂದೆ ಕೂತೆವು. ಅಪ್ಪ ಚಪ್ಪಲಿ ಕಳಚಿ, ಬರಿಗಾಲನ್ನು ಕೆಳಗಿನ ತಗಡಿಗೆ ಒತ್ತಿ, ಗೇರ್ ಲಿವರಿನ ಪಕ್ಕ ಅಂಗೈ ಊರಿದರು. ನಡುಕ ಶುರುವಾಗುತ್ತಲೇ, "ನ್ಯೂಟ್ರಲ್ ಮಾಡು!" ಎಂದರು. ಎಂಜಿನ್ ತಗ್ಗಿತು, ಜೀಪು ತನ್ನ ಓಟದಲ್ಲೇ ಉರುಳಿತು. ನಡುಕ ಮಾತ್ರ ಹಾಗೇ ಇತ್ತು.

"ಎಂಜಿನ್ ಅಲ್ಲ ಇದು. ಚಕ್ರದ ಜೊತೆ ತಿರುಗೋದು ಯಾವುದೋ."

ಗ್ಯಾರೇಜಿಗೆ ಮರಳಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟನ್ನೇ ಬಿಚ್ಚಿ ನೆಲಕ್ಕಿಟ್ಟರು.

"ಅಯ್ಯೋ, ಇನ್ನು ಓಡುತ್ತಾ ಇದು?" ನರ್ಸಮ್ಮ ಗಾಬರಿಯಾದರು.

"ಮುಂದಿನ ಚಕ್ರಗಳಿವೆಯಲ್ಲ, ಎಳೀತವೆ ಬನ್ನಿ," ಎಂದಳು ಅಮ್ಮ, ಮೇಸ್ತ್ರಿಯೇ ತಾನೆಂಬಂತೆ.

ಫೋರ್ ವೀಲ್ ಲಿವರ್ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಹೋದೆವು. ಜೀಪು ದೋಣಿಯಂತೆ ತೇಲಿತು. ಅಪ್ಪ ಅಂಗೈ ಎತ್ತಲೇ ಇಲ್ಲ. ಆಮೇಲೆ ಅಮ್ಮನ ಕಡೆ ತಿರುಗಿ ನಕ್ಕರು. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ!

ನಡುಕ ಬಿಚ್ಚಿಟ್ಟ ಶಾಫ್ಟಿನದೇ; ಆದರೆ ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ಶಾಫ್ಟು ಹಲ್ಲಿಗೆ ಹಲ್ಲು ಕೂಡಿ ಒಂದರೊಳಗೊಂದು ಜಾರುವ ಎರಡು ತುಂಡು. ಎರಡು ತುದಿಯ ಕವಲುಗಳೂ ಒಂದೇ ನೇರಕ್ಕೆ ನಿಲ್ಲಬೇಕು. ಹಿಂದೆ ಯಾರೋ ಕೂಡಿಸುವಾಗ ಒಂದು ಹಲ್ಲು ತಪ್ಪಿಸಿದ್ದರು.

"ಅಂಗಿ ಗುಂಡಿ ತಪ್ಪಿ ಹಾಕ್ಕೊಂಡ ಹಾಗೆ," ಎಂದು ಅಪ್ಪ ಎಳೆದು, ಹೊರಳಿಸಿ, ನೇರಕ್ಕೆ ಕೂರಿಸಿ ಮತ್ತೆ ಬಿಗಿದರು. ಮರುದಿನವೇ ನರ್ಸಮ್ಮ ಗುಡ್ಡ ಹತ್ತಿದರು. ಹೋದ ಮನೆಗಳಲ್ಲೆಲ್ಲ ನಮ್ಮ ಗ್ಯಾರೇಜಿನ ಮಾತೇ.

ಈಗ ಬಂದವರು ಮೊದಲು ಕೇಳುವುದು, "ಅಕ್ಕ ಇದಾರಾ?" ಎಂದೇ. ಅಮ್ಮ ಸ್ಟೀರಿಂಗ್ ಹಿಡಿಯದೆ ಯಾವ ಗಾಡಿಯ ಪರೀಕ್ಷೆಯೂ ಆಗುವುದಿಲ್ಲ. ಮೊನ್ನೆ ಲಾರಿ ಮಾಲೀಕರೊಬ್ಬರು ಅಪ್ಪನಿಗೆ ಕೈಮುಗಿದು, "ನಿಮ್ಮ ಕೈಗುಣ ದೊಡ್ಡದು ಮೇಸ್ತ್ರಿ," ಎಂದರು. ತುಟಿ ನೋಡಿಯೇ ಅಪ್ಪನಿಗೆ ಅರ್ಥವಾಯಿತು.

"ಗಾಡಿ ಒಂದೇ ಹದದಲ್ಲಿ ಓಡಿಸಿದ್ರೆ ತಾನೇ ನನ್ನ ಕೈಗೆ ಗೊತ್ತಾಗೋದು? ಆ ಹದ ಇವಳದು," ಎಂದು ಅಮ್ಮನನ್ನು ತೋರಿಸಿದರು. ಅಮ್ಮ ಬಾನೆಟ್ ಒರೆಸುವ ನೆವದಲ್ಲಿ ಮುಖ ತಿರುಗಿಸಿಕೊಂಡಳು. ಆ ಕಡೆ ನಿಂತಿದ್ದ ನನಗೆ ಅವಳ ಮುಖದ ನಗು ಚೆನ್ನಾಗಿಯೇ ಕಾಣುತ್ತಿತ್ತು.